ಹಾಸ್ಟೆಲ್ ಸಿಗದಿದ್ದರೆ: ವಿದ್ಯಾಸಿರಿ ಮತ್ತು ಮೊದಲ ಬಾಡಿಗೆ ರೂಮು

ಡಿಗ್ರಿ ಓದಲು ಧಾರವಾಡಕ್ಕೋ ಮೈಸೂರಿಗೋ ಬೆಂಗಳೂರಿಗೋ ಬರುವ ಮಕ್ಕಳು ಸಾಮಾನ್ಯವಾಗಿ ಮೊದಲು ರೂಮು ಹುಡುಕುತ್ತಾರೆ. ಸ್ಕಾಲರ್‌ಶಿಪ್ ನೆನಪಾಗುವುದು ಆಮೇಲೆ. ಇದು ಉಲ್ಟಾ ಆಗಬೇಕು. ಹಾಸ್ಟೆಲ್‌ಗೆ ಅರ್ಜಿ ಹಾಕಿಯೂ ಸೀಟು ಸಿಗದವರಿಗೆ ಮಾತ್ರ ವಿದ್ಯಾಸಿರಿಯಂಥ ಸರ್ಕಾರದ ಊಟ–ವಸತಿ ಸಹಾಯ ಇರುವುದು. ಅರ್ಜಿಯನ್ನೇ ಹಾಕದೆ ರೂಮು ಹಿಡಿದು ಕೂತರೆ ಆ ದುಡ್ಡು ಕೈತಪ್ಪಿದ ಹಾಗೆಯೇ.

ಮೊದಲು ಹಾಸ್ಟೆಲ್ ಅರ್ಜಿ

ಕಾಲೇಜಿಗೆ ಸೇರಿದ ಕೂಡಲೇ ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ. ‘ಹೇಗೂ ಸೀಟು ಸಿಗಲ್ಲ ಬಿಡು’ ಅಂತ ಸುಮ್ನೆ ಕೂರಬೇಡಿ. ಸಿಕ್ಕರೆ ಊಟ, ಹಾಸಿಗೆ ಎಲ್ಲ ಅಲ್ಲೇ ಆಯಿತು, ಅದಕ್ಕಿಂತ ಅಗ್ಗದ ವ್ಯವಸ್ಥೆ ಇನ್ನೊಂದಿಲ್ಲ. ಸಿಗದಿದ್ದರೆ ಅರ್ಜಿಯ ಸಂಖ್ಯೆ ಮತ್ತು ಪ್ರಿಂಟ್ ಜೋಪಾನವಾಗಿ ಇಟ್ಟುಕೊಳ್ಳಿ.

ಮುಂದಿನ ಹೆಜ್ಜೆ ವಿದ್ಯಾಸಿರಿ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ 2013–14ರಲ್ಲಿ ಶುರು ಮಾಡಿದ ಯೋಜನೆ ಇದು. ಪ್ರವರ್ಗ–1, 2ಎ, 3ಎ, 3ಬಿಗೆ ಸೇರಿದ, ಊರು ಬಿಟ್ಟು ಓದಲು ಬಂದ ಮಕ್ಕಳಿಗೆ ತಿಂಗಳಿಗೆ 1500 ರೂಪಾಯಿಯಂತೆ 10 ತಿಂಗಳಿಗೆ 15 ಸಾವಿರ ಎಂದು ಆಗ ಗೊತ್ತುಪಡಿಸಿದರು. ಅಲ್ಪಸಂಖ್ಯಾತರ ಇಲಾಖೆಯಲ್ಲೂ ಇದೇ ಹೆಸರಿನ ಯೋಜನೆ ಇದೆ. ಪರಿಶಿಷ್ಟ ಜಾತಿ, ಪಂಗಡದವರದು ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ದಾರಿ. ಎಲ್ಲರೂ ಅರ್ಜಿ ಹಾಕುವುದು ರಾಜ್ಯದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ. ಆದಾಯದ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆ ಬೇರೆ, ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ತುಂಬಿ.

ದುಡ್ಡು ನಿಲ್ಲುವುದು ಎಲ್ಲಿ?

ಅರ್ಜಿ ಮಂಜೂರಾದರೂ ಹಣ ಬಾರದ ಕಥೆ ಪ್ರತಿ ಕಾಲೇಜಿನಲ್ಲೂ ಕೇಳುತ್ತೀರಿ. ಕಾರಣ ಬಹಳ ಸಲ ಬ್ಯಾಂಕಿನಲ್ಲಿರುತ್ತದೆ. ಸರ್ಕಾರ ಹಣ ಹಾಕುವುದು ನೀವು ಬರೆದುಕೊಟ್ಟ ಖಾತೆ ಸಂಖ್ಯೆ ನೋಡಿ ಅಲ್ಲ, ನಿಮ್ಮ ಆಧಾರ್ ಯಾವ ಖಾತೆಗೆ ಸೀಡಿಂಗ್ (ಜೋಡಣೆ) ಆಗಿದೆಯೋ ಅದಕ್ಕೆ. ಕೆವೈಸಿಗೆಂದು ಆಧಾರ್ ಜೆರಾಕ್ಸ್ ಕೊಟ್ಟಿರುವುದು ಬೇರೆ, ಸೀಡಿಂಗ್ ಬೇರೆ. ಹೈಸ್ಕೂಲಿನಲ್ಲಿ ತೆಗೆದ ಖಾತೆಗೆ ಆಧಾರ್ ಜೋಡಣೆಯಾಗಿದ್ದು, ವ್ಯವಹಾರವಿಲ್ಲದೆ ಆ ಖಾತೆ ನಿಷ್ಕ್ರಿಯವಾಗಿದ್ದರೆ ಹಣ ಅಲ್ಲೇ ತಡೆಯುತ್ತದೆ. ಯಾವ ಆಧಾರ್‌ಗೆ ಯಾವ ಖಾತೆ ಎಂಬ ಪಟ್ಟಿ ಇರುವುದು ಎನ್‌ಪಿಸಿಐ ಎಂಬ ಸಂಸ್ಥೆಯಲ್ಲಿ. ಬ್ಯಾಂಕಿಗೆ ಹೋಗಿ ‘ನನ್ನ ಆಧಾರ್ ಎನ್‌ಪಿಸಿಐಯಲ್ಲಿ ಯಾವ ಖಾತೆಗೆ ಮ್ಯಾಪ್ ಆಗಿದೆ?’ ಎಂದೇ ಕೇಳಿ. ಆ ಮಾತಿಗೆ ಗುಮಾಸ್ತರು ಕಂಪ್ಯೂಟರ್ ನೋಡಿ ಉತ್ತರ ಹೇಳುತ್ತಾರೆ.

ಜಾತಿ–ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಊರಿನಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಅರ್ಜಿಗೆ ಆ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಒಂದೇ ಥರ ಇರಲಿ. ಇನಿಷಿಯಲ್ ಹಿಂದುಮುಂದಾಗಿದ್ದಕ್ಕೇ ತಿಂಗಳುಗಟ್ಟಲೆ ಅಲೆಯುವವರಿದ್ದಾರೆ.

ಕೈಲಿರುವ ಹಣಕ್ಕೆ ತಕ್ಕ ರೂಮು

ಈ ಸಹಾಯ ತಿಂಗಳು ತಿಂಗಳು ಬಾಡಿಗೆಯ ದಿನಕ್ಕೆ ಸರಿಯಾಗಿ ಬರುವುದಿಲ್ಲ. ಅರ್ಜಿ, ಕಾಲೇಜಿನ ಪರಿಶೀಲನೆ, ಇಲಾಖೆ ಎಲ್ಲ ದಾಟಿ ತಡವಾಗಿ ಬರುತ್ತದೆ. ಹಾಗಾಗಿ ವಿದ್ಯಾಸಿರಿಯನ್ನು ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಈಗ ಕೈಲಿರುವ ಹಣಕ್ಕೆ ರೂಮು ನೋಡಿ. ಬಂದಾಗ ಆ ಹಣ ಮನೆಯವರು ಮಾಡಿದ ಕೈಸಾಲ ತೀರಿಸಲಿಕ್ಕೆ ಆದೀತು.

6000 ರೂಪಾಯಿ ಬಾಡಿಗೆಯ ರೂಮು ಎಂದುಕೊಳ್ಳಿ. ಮೂವರು ಸೇರಿದರೆ ತಲೆಗೆ 2000. ಒಬ್ಬರೇ ಇರುತ್ತೇನೆ ಅಂದರೆ 15 ಸಾವಿರದ ಲೆಕ್ಕದಲ್ಲಿ ವರ್ಷದ ವಿದ್ಯಾಸಿರಿ ಹಣವೆಲ್ಲ ಎರಡೂವರೆ ತಿಂಗಳ ಬಾಡಿಗೆಗೇ ಸರಿ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದಂಥ ಕಡೆ ಕೋಚಿಂಗ್ ಹುಡುಗರ ನೂಕುನುಗ್ಗಲು ಇರುತ್ತದೆ, ಎರಡು ಸ್ಟಾಪ್ ಆಚೆಗೂ ಕೇಳಿ ನೋಡಿ. ಹೆಣ್ಣುಮಕ್ಕಳಿಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ ಇದೆ, ದೂರದ ರೂಮು ನಷ್ಟವಲ್ಲ.

ಫೋನಿನಲ್ಲೇ ಎಲ್ಲ ಕೇಳಿಬಿಡಿ: ಅಡ್ವಾನ್ಸ್ ಎಷ್ಟು, ನೀರಿಗೆ ಬೇರೆ ದುಡ್ಡಾ, ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ, ಮೊಟ್ಟೆ–ಮಾಂಸ ಮಾಡಬಹುದಾ. ‘ನೀವು ಯಾವ ಜನ?’ ಎಂದು ಕೇಳುವ ಓನರ್‌ಗಳು ಇನ್ನೂ ಇದ್ದಾರೆ. ನಾಚಿಕೆಗೇಡಿನ ಪ್ರಶ್ನೆ. ಆದರೆ ಅದನ್ನು ಬಸ್ ಚಾರ್ಜು ಕೊಟ್ಟು ಹೋಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವುದಕ್ಕಿಂತ ಫೋನಿನಲ್ಲೇ ಮುಗಿದರೆ ಒಳ್ಳೆಯದು.

ಅಡ್ವಾನ್ಸ್, ಕರಾರು

ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೇ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳು ಸಾಕು ಎನ್ನುತ್ತದೆ. ಅದು ಬರೀ ಮಾದರಿ, ರಾಜ್ಯ ಒಪ್ಪಿ ತಂದರೆ ಮಾತ್ರ ಕಾನೂನು. ಆದ್ದರಿಂದ ಚೌಕಾಸಿಯೇ ಗತಿ. ‘ಸ್ಟೂಡೆಂಟ್ಸ್ ಅಂಕಲ್, ಅರ್ಧ ಈಗ ಕೊಡ್ತೀವಿ, ಉಳಿದದ್ದು ಎರಡು ಕಂತಿನಲ್ಲಿ’ ಎಂದರೆ ಒಪ್ಪುವವರೂ ಸಿಗುತ್ತಾರೆ.

ಕರಾರು ಪತ್ರ 11 ತಿಂಗಳಿಗೆ ಇರುತ್ತದೆ. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಈ ಲೆಕ್ಕ. ಸಹಿಗೆ ಮುಂಚೆ ಮೂರು ಸಾಲು ಹುಡುಕಿ: ಖಾಲಿ ಮಾಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು, ಅಡ್ವಾನ್ಸ್ ವಾಪಸ್ ಯಾವಾಗ. ಮೂವರಿದ್ದರೆ ಮೂವರ ಹೆಸರೂ, ಯಾರು ಎಷ್ಟು ಕೊಟ್ಟರು ಎಂಬುದೂ ಅದರಲ್ಲೇ ಇರಲಿ. ಒಬ್ಬ ನಡುವೆ ಬಿಟ್ಟು ಹೋದಾಗ ಗೆಳೆತನ ಕೆಡುವುದು ಇಲ್ಲೇ.

ಸಾಮಾನು ಇಳಿಸುವ ಮೊದಲು ಖಾಲಿ ರೂಮಿನ ವಿಡಿಯೊ ಮಾಡಿ. ಗೋಡೆಯ ತೇವದ ಕಲೆ, ಬಿರುಕು ಬಿಟ್ಟ ವಾಷ್ ಬೇಸಿನ್, ಕೆಲಸ ಮಾಡದ ಸ್ವಿಚ್ಚು, ಮೀಟರಿನ ಅಂಕೆ ಎಲ್ಲ ಬರಲಿ. ಅದನ್ನು ಅವತ್ತೇ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ಬಾಡಿಗೆ ಯುಪಿಐನಲ್ಲೇ ಕಟ್ಟಿ. ಆಧಾರ್ ಕೇಳಿದರೆ ಮೊದಲ 8 ಅಂಕಿ ಮರೆಮಾಡಿದ ಮಾಸ್ಕ್ ಆಧಾರ್ ಕೊಡಿ.

ಕರೆಂಟ್ ಬಿಲ್

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ತಿಂಗಳಿಗೆ 200 ಯುನಿಟ್ ಮಿತಿಯೊಳಗೆ, ಆ ಮೀಟರಿನ ಸರಾಸರಿ ಬಳಕೆಗೆ ತಕ್ಕಂತೆ ಬಿಲ್ ಮನ್ನಾ. ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ನಿಮ್ಮ ಆಧಾರ್ ಕೊಟ್ಟು ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ರೂಮಿಗೆ ಪ್ರತ್ಯೇಕ ಮೀಟರ್ ಇಲ್ಲದೆ ಓನರ್ ಸಬ್‌ಮೀಟರ್ ಹಾಕಿ ಯುನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡುವ ಕಡೆ ಇದು ನಿಮ್ಮ ಹೆಸರಿಗೆ ಸಿಗದು. ಹಾಗಾಗಿ ರೂಮು ನೋಡುವಾಗಲೇ ಮೀಟರ್ ಬೋರ್ಡ್ ತೋರಿಸಿ ಎನ್ನಿ. ರೂಮು ಬಿಡುವಾಗ ನಿಮ್ಮ ಆಧಾರ್ ಅನ್ನು ಹಳೇ ಮೀಟರಿನಿಂದ ಡಿ–ಲಿಂಕ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ರೂಮಿನಲ್ಲಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.