ಎಲ್ಲರದೂ 120/80: ಗುಪ್ತ ಕೆಲಸದವರ ದವಾಖಾನೆ ತಪಾಸಣೆ, ನನ್ನ ಅನುಭವ

ಗುಪ್ತ ಕೆಲಸದ ಒಂದು ಘಟಕದ 41 ಜನರ ವಾರ್ಷಿಕ ಆರೋಗ್ಯ ತಪಾಸಣೆಯ ರಿಜಿಸ್ಟರ್. ಅದರಲ್ಲಿ 33 ಹೆಸರುಗಳ ಮುಂದೆ ಬಿಪಿ 120/80 ಎಂದಿತ್ತು, ಉಳಿದ ಎಂಟರ ಮುಂದೆ 130/80. ಒಂದೇ ಪೆನ್ನು, ಒಂದೇ ಕೈ. ಬೆಳಗಾವಿಯ ಜುಲೈ ಮಳೆಗೆ ಹಾಳೆಗಳು ಮೆತ್ತಗಾಗಿದ್ದವು, ಆದರೂ ಶಾಯಿ ಎಲ್ಲೂ ಹರಡಿರಲಿಲ್ಲ. ಒಂದೇ ದಿನ ಕುಳಿತು ಬರೆದದ್ದು ಅದು. ಇಲ್ಲಿ ಯಾರ ಬಿಪಿಯನ್ನೂ ನೋಡಿಲ್ಲ ಅಂತ ಅಲ್ಲೇ ತೀರ್ಮಾನಿಸಿಬಿಟ್ಟೆ. ಅದು ತಪ್ಪಾಗಿತ್ತು, ಮುಂದೆ ಹೇಳುತ್ತೇನೆ.

ಪಾದರಸದ ಯಂತ್ರದಲ್ಲಿ ಖರೆ ಬಿಪಿ ನೋಡಿದವರ ಪುಟ ಬೇರೆಯೇ ಇರುತ್ತದೆ. 118, 134, 126, 152 ಹೀಗೆ ಅಂಕಿಗಳು ಚದುರಿರುತ್ತವೆ. ರಾತ್ರಿಪಾಳಿ ಮಾಡುವ, ಹೊತ್ತಿಗೆ ಊಟವಿಲ್ಲದ, ನಲವತ್ತು ದಾಟಿದ 41 ಗಂಡಸರಲ್ಲಿ ಒಬ್ಬನಿಗೂ ಬಿಪಿ ಇಲ್ಲ ಎಂದರೆ ಯಾವ ವೈದ್ಯರೂ ನಂಬುವುದಿಲ್ಲ.

ಅದು ಸಮವಸ್ತ್ರವಿಲ್ಲದೆ ಸುದ್ದಿ ಕಲೆಹಾಕುವವರ ಒಂದು ಸರ್ಕಾರಿ ಘಟಕ. ಹೆಸರು ಬರೆಯುವುದಿಲ್ಲ. ಒಳಗಿನವರ ಗುರುತು ಸಿಗದಂತೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಹಂಚಿನ ಹಳೆಯ ಕಟ್ಟಡದ ಹಿಂಬದಿಗೆ ಅವರದೇ ಒಂದು ಸಣ್ಣ ದವಾಖಾನೆ. ಒಬ್ಬ ಗುತ್ತಿಗೆ ವೈದ್ಯ, ಒಬ್ಬ ಕಂಪೌಂಡರ್. ಹಿಂದಿನ ವರ್ಷ ನವೆಂಬರ್ 1ರ ಬಂದೋಬಸ್ತಿನ ರಾತ್ರಿ ಒಬ್ಬರಿಗೆ ಎದೆನೋವು ಬಂತು. ಹೊರಗಿನ ಆಸ್ಪತ್ರೆಗೆ ಒಯ್ಯಲು ‘ಮೇಲಿನವರ ಅನುಮತಿ’ ಬೇಕೆಂದು ಐವತ್ತು ನಿಮಿಷ ಕಾಯಿಸಿದರು. ಅವರು ಬದುಕಿದರು, ಆದರೆ ಹೃದಯದ ಸ್ನಾಯು ಒಂದಿಷ್ಟು ಸತ್ತುಹೋಯಿತು. ಅವರ ಹೆಂಡತಿ ಕೈಬರಹದಲ್ಲಿ ಬರೆದ ಎರಡು ಪುಟದ ಅರ್ಜಿ ಮೇಲಿನ ಕಚೇರಿಗೆ ಮುಟ್ಟಿತು. ಹೊರಗಿನವರ ಸಮಿತಿ ಮಾಡೋಣ ಎಂಬ ಮಾತು ಬಂದದ್ದು ಅದರಿಂದ. ಒಬ್ಬರು ನಿವೃತ್ತ ನ್ಯಾಯಾಧೀಶರು, ಒಬ್ಬರು ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಮತ್ತು ಫಿಸಿಷಿಯನ್ ಆಗಿ ನಾನು.

ಒಪ್ಪಿಕೊಳ್ಳುವ ಮೊದಲು ಬೇರೆಯವರು ಇಂಥದ್ದನ್ನು ಹೇಗೆ ಮಾಡಿದ್ದಾರೆ ಅಂತ ಓದಿದೆ. ಹೆಚ್ಚು ಕಾಗದ ಸಿಕ್ಕಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಗ್ಗೆ. ಅದರ ಒಳಗೇ ವೈದ್ಯಕೀಯ ಸೇವಾ ಕಚೇರಿ ಇತ್ತು. 2004ರ ಮೇ ತಿಂಗಳಲ್ಲಿ ಸಂಸ್ಥೆಯ ಒಳತನಿಖೆ ನೋಡುವ ಇನ್ಸ್‌ಪೆಕ್ಟರ್ ಜನರಲ್ ಜಾನ್ ಹೆಲ್ಗರ್‌ಸನ್ ಕೊಟ್ಟ ವರದಿಯ ಪ್ರಕಾರ, ಬಂಧಿತರ ಮೇಲೆ ಕಠೋರ ವಿಚಾರಣಾ ವಿಧಾನ ಬಳಸುವುದೆಂದು ಗೊತ್ತುಮಾಡುವಾಗ ಅದರ ಅಪಾಯವೇನು ಅಂತ ಆ ವೈದ್ಯರನ್ನು ಮೊದಲು ಕೇಳಿಯೇ ಇರಲಿಲ್ಲ. ಮುಂದೆ ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿಯುವ ಹಿಂಸೆ ನಡೆದ ಕೋಣೆಯಲ್ಲಿ ನಿಂತವರು ಮಾತ್ರ ಅದೇ ಕಚೇರಿಯವರು. ಸೆನೆಟ್‌ನ ಗುಪ್ತಚರ ಸಮಿತಿ 2014ರ ಡಿಸೆಂಬರ್‌ನಲ್ಲಿ ಹೊರಗಿಟ್ಟ ಸಾರಾಂಶ ಓದುವಾಗ ಎರಡು ರಾತ್ರಿ ನನಗೆ ಸರಿ ನಿದ್ದೆ ಬರಲಿಲ್ಲ. ವೈದ್ಯರು ಚಿತ್ರಹಿಂಸೆಯಲ್ಲಿ ಯಾವ ರೀತಿಯಲ್ಲೂ ಭಾಗವಹಿಸಬಾರದು ಎಂದು ಜಾಗತಿಕ ವೈದ್ಯಕೀಯ ಸಂಘ 1975ರಲ್ಲೇ ಟೋಕಿಯೊದಲ್ಲಿ ಘೋಷಿಸಿತ್ತು. ಆ ಕಾಗದ ಇದ್ದೂ ಹಾಗಾಯಿತು.

ಸ್ವಂತ ನೌಕರರ ಕಥೆಯೂ ಅಷ್ಟೇ. 2016ರಿಂದ ಕ್ಯೂಬಾದ ಹವಾನಾದಲ್ಲಿ, ಆಮೇಲೆ ಬೇರೆ ಊರುಗಳಲ್ಲಿ ತಲೆಸುತ್ತು, ಕಿವಿನೋವು, ಮರೆವು ಎಂದು ಹೇಳಿಕೊಂಡವರಿಗೆ ನೆರವು ಕೊಡಲು 2021ರಲ್ಲಿ ಕಾನೂನೇ ಬೇಕಾಯಿತು. ಕಾರಣ ಏನೆಂಬ ವಾದ ಏನೇ ಇರಲಿ, ಕಾಯಿಲೆ ಬಿದ್ದವರಿಗೆ ಆರೈಕೆ ಸಿಗುವುದಕ್ಕೆ ಅಡೆತಡೆಗಳಿದ್ದವು ಎಂದು ಅದೇ ಸೆನೆಟ್ ಸಮಿತಿ 2024ರ ಡಿಸೆಂಬರ್‌ನಲ್ಲಿ ಬರೆಯಿತು. ಬಂಧಿತನ ವಿಷಯದಲ್ಲೂ ನೌಕರನ ವಿಷಯದಲ್ಲೂ ಅದೇ ತೊಡಕು: ವೈದ್ಯ ಉತ್ತರ ಕೊಡಬೇಕಾದದ್ದು ಸಂಸ್ಥೆಗೆ, ರೋಗಿಗಲ್ಲ. ಅಲ್ಲಿ ಅಷ್ಟಾದರೂ ಹೊರಬಿದ್ದದ್ದು ಇನ್ಸ್‌ಪೆಕ್ಟರ್ ಜನರಲ್‌ಗೆ, ಸೆನೆಟ್ ಸಮಿತಿಗೆ ಕಾನೂನಿನ ಬಲ ಇದ್ದುದರಿಂದ. ನಮ್ಮ ಗುಪ್ತಚರ ಸಂಸ್ಥೆಗಳಾದ ಐಬಿ, ‘ರಾ’ಗಳಿಗೆ ಸಂಸತ್ತಿನ ಪ್ರತ್ಯೇಕ ಕಾಯ್ದೆಯೇ ಇಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದಿದ್ದರು, ಅದು ಕಾಯ್ದೆಯಾಗಲಿಲ್ಲ.

ಹಾಗಾಗಿ ನಾವು ಮೂವರೂ ಕೂಡಿ ಮೂರು ಷರತ್ತು ಬರೆದು ಕಳಿಸಿದೆವು. ಹೇಳದೆ ಹೋಗುತ್ತೇವೆ. ಯಾರ ಜೊತೆ ಬೇಕಾದರೂ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತೇವೆ. ವರದಿ ಘಟಕದ ಮುಖ್ಯಸ್ಥರ ಕೈಗಲ್ಲ, ಅವರ ಮೇಲಿನವರಿಗೆ ಕೊಡುತ್ತೇವೆ. ಉತ್ತರಕ್ಕೆ ನಾಲ್ಕು ತಿಂಗಳು ಹಿಡಿಯಿತು. ‘ಭದ್ರತೆಯ ದೃಷ್ಟಿಯಿಂದ’ ಎಂಬ ಮಾತು ಮೂರು ಪತ್ರಗಳಲ್ಲಿ ಬಂತು. ನ್ಯಾಯಾಧೀಶರು ಬರೆದ ಉತ್ತರ ಚಿಕ್ಕದು: ನಿಮ್ಮ ಕಡತಗಳ ಕೋಣೆಗೆ ನಾವು ಕಾಲಿಡುವುದಿಲ್ಲ, ಫ್ರಿಜ್ ಎಷ್ಟು ತಣ್ಣಗಿದೆ ಎಂಬುದು ದೇಶದ ರಹಸ್ಯವಲ್ಲ.

ಈ ಕೆಲಸದಲ್ಲಿ ನಾನು ಹಿಡಿದುಕೊಂಡ ಎಳೆಯೂ ಅದೇ. ಅಲ್ಲಿ ಗುಟ್ಟು ಎರಡು. ಕಚೇರಿಯ ಗುಟ್ಟು ಒಂದು, ರೋಗಿಯ ಗುಟ್ಟು ಇನ್ನೊಂದು. ಮೊದಲನೆಯದನ್ನು ಜೀವಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದರು. ಎರಡನೆಯದು ಮೇಜಿನ ಮೇಲೆ ಬಿದ್ದಿರುತ್ತಿತ್ತು. ಯಾರಿಗೆ ಸಕ್ಕರೆ, ಯಾರು ನಿದ್ದೆ ಗುಳಿಗೆ ನುಂಗುತ್ತಾರೆ, ಯಾರ ಮನೆಯಲ್ಲಿ ಜಗಳ ಎಂಬುದು ಗುಮಾಸ್ತರಿಗೂ ಗೊತ್ತಿತ್ತು.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಬರೀ ಎಣಿಕೆ. ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿಯಲ್ಲಿರಬೇಕು. ಒಳಗೆ ಥರ್ಮಾಮೀಟರ್ ಇರಲಿಲ್ಲ, ಹಾಲಿನ ಪಾಕೀಟುಗಳಿದ್ದವು. ನಾಲಿಗೆ ಕೆಳಗೆ ಇಡುವ ಹೃದಯದ ಗುಳಿಗೆಯ ಅವಧಿ ಮುಗಿದು ಏಳು ತಿಂಗಳಾಗಿತ್ತು. ಇಸಿಜಿ ಯಂತ್ರದ ಕಾಗದ ತೇವಕ್ಕೆ ಅಂಟಿಕೊಂಡು, ಎಳೆದರೆ ಹರಿಯುತ್ತಿತ್ತು. ರಿಜಿಸ್ಟರ್‌ನಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಒಂದು ಗೆರೆಯೂ ಇಲ್ಲ. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ರಾಜ್ಯೋತ್ಸವ, ಅದೇ ದಿನ ಮರಾಠಿ ಸಂಘಟನೆಯವರ ಕರಾಳ ದಿನ, ಅದರ ಬೆನ್ನಿಗೆ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. ಆ ಎರಡು ತಿಂಗಳು ಈ ಜನ ಮನೆ ಕಾಣುವುದೇ ಅಪರೂಪ. ದೇಹ ಹೆಚ್ಚು ಸವೆಯುವ ಕಾಲದಲ್ಲೇ ದವಾಖಾನೆಯ ಬಾಗಿಲು ಹಾಕಿರುತ್ತಿತ್ತು.

ಮಾತಾಡಿಸುವುದು ಕಷ್ಟವಾಯಿತು. ಕೊಟ್ಟ ಕೋಣೆಯ ಬಾಗಿಲಲ್ಲಿ ಚಹಾ ತರುವ ನೆಪದಲ್ಲಿ ಒಬ್ಬ ನಾಲ್ಕು ಸಲ ಇಣುಕಿದ. ಒಳಗೆ ಕೂತವರೆಲ್ಲ ‘ಎಲ್ಲಾ ಆರಾಮ್ ಐತ್ರೀ’ ಅನ್ನುವವರೇ. ಆಗ ದಾರಿ ಬದಲಿಸಿದೆ. ನನ್ನ ಕ್ಲಿನಿಕ್ಕಿಗೆ ಸಂಜೆ ಉಳಿದ ರೋಗಿಗಳ ಹಾಗೆ ಚೀಟಿ ತಗೊಂಡು ಬರ್ರಿ, ಎಲ್ಲಿಯವರು ಅಂತ ಯಾರೂ ಕೇಳುವುದಿಲ್ಲ ಎಂದು ಹೇಳಿ ಕಳಿಸಿದೆ. ಮೊದಲ ವಾರ ಯಾರೂ ಬರಲಿಲ್ಲ. ಎರಡನೇ ವಾರ ಒಬ್ಬರು ಬಂದರು, ಮೂರನೇ ವಾರ ಆರು ಜನ.

ಆ ಮೊದಲನೆಯವರ ವಯಸ್ಸು ನಲವತ್ತಾರು. ಅಂಗಿ ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ಸುಣ್ಣವಿರಲಿಲ್ಲ, ಸಕ್ಕರೆ ಕಾಯಿಲೆಯ ಗುಳಿಗೆಗಳು ಇದ್ದವು. ಆರು ವರ್ಷದಿಂದ ಖಡೇಬಜಾರಿನಲ್ಲಿ ರೊಕ್ಕ ಕೊಟ್ಟು ಕೊಳ್ಳುತ್ತಿದ್ದರು, ಪುಕ್ಕಟೆ ಸಿಗುವ ಔಷಧಿಯನ್ನು. “ಫೈಲ್‌ನ್ಯಾಗ ಬಂತಂದ್ರ ಫೀಲ್ಡ್ ಕೆಲಸ ತಗೀತಾರ್ರೀ ಬಾಯಾರ, ಭತ್ಯೆನೂ ಹೋಕ್ಕೈತಿ. ಮಗಳ ಫೀ ತುಂಬೂದದ,” ಅಂದರು. ಅವರ ಪಾದ ನೋಡಿದೆ. ಹೆಬ್ಬೆರಳಿನ ಕೆಳಗೆ ಹುಣ್ಣಾಗಿತ್ತು. ಅವರಿಗೆ ನೋವೇ ಗೊತ್ತಾಗಿರಲಿಲ್ಲ, ನರಗಳು ಅಷ್ಟು ಹೋಗಿದ್ದವು. ಅದನ್ನು ತೊಳೆದು ಪಟ್ಟಿ ಕಟ್ಟುವಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಇನ್ನು ಆ ವೈದ್ಯ. ಹುಡುಗ ಕೆಟ್ಟವನಲ್ಲ. ಎರಡನೇ ಭೇಟಿಯ ದಿನ ಕಂಪೌಂಡರ್ ಊಟಕ್ಕೆ ಹೋದಾಗ ಬಾಗಿಲು ಮುಂದೆ ಮಾಡಿ, ಚೀಲದಿಂದ ಒಂದು ಕಿಸೆ ಡೈರಿ ತೆಗೆದ. ಅದರಲ್ಲಿ 41 ಜನರ ಖರೆ ಬಿಪಿ ಇತ್ತು, ದಿನಾಂಕದ ಸಮೇತ. 146/92, 158/96, ಒಬ್ಬರದು 180ರ ಮೇಲೆ. ಎಲ್ಲರನ್ನೂ ಕೂರಿಸಿ, ಐದು ನಿಮಿಷ ವಿಶ್ರಾಂತಿ ಕೊಟ್ಟು, ಎರಡೆರಡು ಸಲ ನೋಡಿದ್ದ. ಆಮೇಲೆ ‘ಎಲ್ಲಾರ್ದೂ ಫಿಟ್ ಬರೀರಿ, ಮಂದಿ ಕಮ್ಮಿ ಅದಾರ’ ಎಂಬ ಬಾಯಿಮಾತಿನ ಆದೇಶ ಬಂತು. ಅವನ ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣವಾಗುವುದು ಅದೇ ಆದೇಶ ಕೊಟ್ಟವರ ಸಹಿಯಿಂದ. ರಿಜಿಸ್ಟರ್ ಸುಳ್ಳಾಯಿತು, ಡೈರಿ ಅವನ ಚೀಲದಲ್ಲಿ ಉಳಿಯಿತು.

ಆ ಡೈರಿಯನ್ನು ವರದಿಗೆ ಲಗತ್ತಿಸಿದ್ದರೆ ದೊಡ್ಡ ಪುರಾವೆಯಾಗುತ್ತಿತ್ತು. ನಾನು ತಗೊಳ್ಳಲಿಲ್ಲ. ಅದರಲ್ಲಿದ್ದದ್ದು ರೋಗಿಗಳ ಗುಟ್ಟು, ನಾನು ಕಾಯಲು ಬಂದದ್ದೇ ಅದನ್ನು. ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ನಾನು ಮೂರು ದಿನ ಅಲ್ಲೇ ಕೂತು ಎಲ್ಲರ ಬಿಪಿ ಹೊಸದಾಗಿ ನೋಡಿದೆವು, ಹೆಸರಿಲ್ಲದೆ ಬರೀ ಲೆಕ್ಕ ಕೊಟ್ಟೆವು. 19 ಜನರಿಗೆ ಔಷಧಿ ಬೇಕಿತ್ತು. ಸಮಿತಿಯೊಳಗೆ ಇದರ ಬಗ್ಗೆ ವಾದವಾಯಿತು. ನ್ಯಾಯಾಧೀಶರು ಡೈರಿ ತರಬೇಕಿತ್ತು ಎಂದರು, ಈಗಲೂ ಹಾಗೇ ಅನ್ನುತ್ತಾರೆ.

ವರದಿಯಲ್ಲಿ ನಾವು ಕೇಳಿದ್ದು ಹೊಸದೇನಲ್ಲ, ಹೆಚ್ಚಿನದೆಲ್ಲ ಇರುವ ನಿಯಮವೇ. ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮದಂತೆ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಗೌಪ್ಯತೆಯನ್ನು ಹಕ್ಕು ಅಂತಲೇ ಕರೆಯುತ್ತದೆ. ಅದಕ್ಕಾಗಿ ಕಾಗದ ಎರಡು ಮಾಡಿರಿ ಎಂದೆವು. ರೋಗದ ವಿವರದ ಕಡತ ವೈದ್ಯರ ಕಪಾಟಿನಲ್ಲಿ, ಕೀಲಿ ಅವರ ಹತ್ತಿರ. ಮುಖ್ಯಸ್ಥರಿಗೆ ಹೋಗುವ ಚೀಟಿಯಲ್ಲಿ ‘ಕೆಲಸಕ್ಕೆ ಯೋಗ್ಯ’, ‘ಇಂಥ ಕೆಲಸ ಸದ್ಯ ಬೇಡ’, ‘ರಜೆ ಬೇಕು’ ಇವುಗಳಲ್ಲಿ ಒಂದು ಮಾತು ಮಾತ್ರ. ರೋಗದ ಹೆಸರು ಅಲ್ಲಿ ಬೇಡ. ಎದೆನೋವು, ಪ್ರಜ್ಞೆ ತಪ್ಪುವುದು, ರಕ್ತಸ್ರಾವ ಆದರೆ ಅನುಮತಿ ಕೇಳುವಂತಿಲ್ಲ, ಗಾಡಿ ಹೊರಡಬೇಕು. ಹೊರಗಿನ ಯಾರನ್ನಾದರೂ ವಿಚಾರಣೆಗೆ ತಂದರೆ ಅವರನ್ನು ಈ ದವಾಖಾನೆಯ ವೈದ್ಯ ‘ತಡೆದುಕೊಳ್ಳಬಲ್ಲ’ ಎಂದು ಪರೀಕ್ಷಿಸುವಂತಿಲ್ಲ. ಬಂಧಿತರ ವೈದ್ಯಕೀಯ ತಪಾಸಣೆಗೆ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ 48 ಗಂಟೆಗೊಮ್ಮೆ ಎಂಬ ನಿಯಮವಿದೆ, ಅದು ನಡೆಯಬೇಕಾದದ್ದು ಇಲ್ಲಲ್ಲ.

ಹೀಗೆ ಬರೆಯುವಾಗ ಒಬ್ಬ ಅಧಿಕಾರಿ, ನಮಗೆ ಮಾಹಿತಿ ಹಕ್ಕೇ ಅನ್ವಯಿಸುವುದಿಲ್ಲ ಎಂದರು. 2005ರ ಕಾಯ್ದೆಯ 24ನೇ ಕಲಂ ಗುಪ್ತಚರ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ, ಖರೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪವನ್ನು ಅದೇ ಕಲಂ ಆ ವಿನಾಯಿತಿಯಿಂದ ಹೊರಗಿಟ್ಟಿದೆ. ನ್ಯಾಯಾಧೀಶರು ಪುಸ್ತಕ ತೆರೆದು ಆ ಸಾಲನ್ನು ಗಟ್ಟಿಯಾಗಿ ಓದಿದರು.

ಮೂರನೇ ಭೇಟಿಗೆ ಹೋದಾಗ ಫ್ರಿಜ್‌ನಲ್ಲಿ ಥರ್ಮಾಮೀಟರ್ ಇತ್ತು, ಬೆಳಿಗ್ಗೆ ಸಂಜೆ ಬರೆದ ಪಟ್ಟಿ ಬಾಗಿಲಿಗೆ ಅಂಟಿಸಿತ್ತು. ರಿಜಿಸ್ಟರ್ ಹೊಸದು. ಎರಡನೇ ಪುಟದಲ್ಲಿ 168/104 ಎಂದಿತ್ತು, ಪಕ್ಕದಲ್ಲಿ ಸಮಯ, ಔಷಧಿ, ವಾರ ಬಿಟ್ಟು ಮತ್ತೆ ನೋಡಿದ 144/90, ಕೆಳಗೆ ಹುಡುಗನ ಪೂರ್ತಿ ಸಹಿ. ಆ ಅಂಕಿಯ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ.

ಸುಣ್ಣದ ಡಬ್ಬಿಯವರ ಪಾದ ವಾಸಿಯಾಗಿದೆ. ಗುಳಿಗೆಯನ್ನು ಈಗ ದವಾಖಾನೆಯಿಂದಲೇ ಒಯ್ಯುತ್ತಾರೆ. ಆದರೆ ವೈದ್ಯರ ಗುತ್ತಿಗೆ ನವೀಕರಣದ ಸಹಿ ಘಟಕದ ಹೊರಗಿನ ವೈದ್ಯಾಧಿಕಾರಿಯದಾಗಬೇಕು ಎಂಬ ಶಿಫಾರಸು ಇನ್ನೂ ‘ಪರಿಶೀಲನೆಯಲ್ಲಿದೆ’. ಎರಡು ನೆನಪೋಲೆ ಕಳಿಸಿದ್ದೇವೆ, ಮೂರನೆಯದನ್ನು ನಿನ್ನೆ ರಿಜಿಸ್ಟರ್ಡ್ ಅಂಚೆಗೆ ಹಾಕಿದೆ. ಹುಡುಗನ ಗುತ್ತಿಗೆ ಮಾರ್ಚ್‌ಗೆ ಮುಗಿಯುತ್ತದೆ.