ಅಳೆದದ್ದು ರಕ್ತವನ್ನೋ, ಫಾಲಿಕಲ್ ಜೀವಕೋಶವನ್ನೋ?

ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯಲ್ಲಿ ಅಂಡಾಣು ಪಕ್ವವಾಗಲೆಂದು ಎಚ್‌ಸಿಜಿ ಹಾರ್ಮೋನ್ ಇಂಜೆಕ್ಷನ್ ಕೊಟ್ಟ 34–36 ತಾಸಿಗೆ ಡಾಕ್ಟರು ಸ್ಕ್ಯಾನ್ ನೋಡುತ್ತ, ಸೂಜಿಯಿಂದ ಅಂಡಾಶಯದ ಫಾಲಿಕಲ್‌ನ (ಅಂಡಾಣು ಬೆಳೆಯುವ ಪುಟ್ಟ ಚೀಲದ) ದ್ರವ ಎಳೆಯುತ್ತಾರೆ. ಅದರಿಂದ ಅಂಡಾಣು ಆರಿಸಿಕೊಂಡ ಮೇಲೆ ಉಳಿದದ್ದು ಚೆಲ್ಲುವ ನೀರು. ಫಾಲಿಕಲ್‌ನ ಒಳಗೋಡೆಯಿಂದ ಕಿತ್ತು ಬಂದ ಗ್ರ್ಯಾನ್ಯುಲೋಸಾ ಜೀವಕೋಶಗಳು ಆ ನೀರಿನಲ್ಲೇ ತೇಲುತ್ತಿರುತ್ತವೆ. ಅವುಗಳಲ್ಲಿ ಯಾವ ಮೈಕ್ರೋ ಆರ್‌ಎನ್‌ಎ (ಜೀನ್‌ಗಳ ಕೆಲಸವನ್ನು ಹಿಡಿತದಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು) ಎಷ್ಟಿದೆ ಎಂದು ಅಳೆಯುವುದು ನನ್ನ ಪಿಎಚ್‌ಡಿ ಕೆಲಸ.

ಬೆಳಗಾವಿಯಲ್ಲಿ ಒಪ್ಪಿಗೆ ಪತ್ರ ಓದಿ ಹೇಳುವಾಗ ಗೋಕಾಕ ಕಡೆಯ ಒಬ್ಬರು ಕೇಳಿದ್ದರು: "ಚೆಲ್ಲೂ ನೀರಿನ್ಯಾಗ ಏನ್ ಸಿಗತೈತ್ರೀ ಮೇಡಂ?"

"ನಿಮ್ಮ ತತ್ತಿ ಬೆಳೆಸಿದ ಜೀವಕೋಶ ಅದರಾಗ ಇರ್ತಾವ್ರೀ ಅಕ್ಕಾರ."

"ಹಂಗಾದ್ರ ಎಲ್ಲಾ ತಗೋರಿ, ಏನೂ ಉಳಸಬ್ಯಾಡ್ರಿ."

ಐಸ್ ಡಬ್ಬಿಯಲ್ಲಿ ಟ್ಯೂಬ್ ಇಟ್ಟುಕೊಂಡು ಲ್ಯಾಬಿಗೆ ಹೊರಟರೆ ಟಿಳಕವಾಡಿಯ ರೈಲ್ವೆ ಗೇಟ್ ಹಾಕಿರುತ್ತಿತ್ತು. ಗಾಡಿ ಹೋಗುವ ತನಕ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಕೆಲಸ ಕೆಟ್ಟದ್ದು ಆ ವಿಳಂಬದಿಂದಲ್ಲ.

ಎಂಟು ತಿಂಗಳ ನಂತರ, ಅಂಡಾಣು ಕಡಿಮೆ ಸಿಕ್ಕವರ ಮಾದರಿಗಳಲ್ಲಿ ಮಿರ್-451 ಎಂಬ ಮೈಕ್ರೋ ಆರ್‌ಎನ್‌ಎ ಬಹಳ ಹೆಚ್ಚು ಕಂಡಿತು. ಏನೋ ಸಿಕ್ಕಿತೆಂದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನನ್ನ ಗೈಡ್ ಕೇಳಿದ್ದು ಒಂದೇ ಮಾತು: "ಟ್ಯೂಬ್ ಯಾವ ಬಣ್ಣ ಇತ್ತು?" ಕೆಂಪಿತ್ತು. ಮಿರ್-451 ಕೆಂಪು ರಕ್ತಕಣಗಳಲ್ಲಿ ತುಂಬಿರುತ್ತದೆ. ಫಾಲಿಕಲ್ ಕಡಿಮೆ ಇದ್ದವರಲ್ಲಿ ದ್ರವವೂ ಕಡಿಮೆ, ಅದರೊಳಗೆ ರಕ್ತದ ಪಾಲು ಹೆಚ್ಚು. ನಾನು ಅಂಡಾಶಯದ ವ್ಯತ್ಯಾಸ ಅಂದುಕೊಂಡದ್ದು ರಕ್ತದ ವ್ಯತ್ಯಾಸವಾಗಿತ್ತು.

ಅಲ್ಲಿಂದ ವಿಧಾನ ಬದಲಿಸಿದೆ. ಮೊದಲ ಫಾಲಿಕಲ್‌ನ ದ್ರವವನ್ನು, ರಕ್ತ ಬೆರೆಯುವ ಮುಂಚೆ, ಬೇರೆ ಟ್ಯೂಬಿಗೆ ತೆಗೆದುಕೊಡಲು ಡಾಕ್ಟರಿಗೆ ಕೇಳಿಕೊಂಡೆ. ಜೀವಕೋಶಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ 50% ಪರ್ಕಾಲ್ ದ್ರವದ ಮೇಲೆ ಹಾಕಿ ಸೆಂಟ್ರಿಫ್ಯೂಜ್ ಮಾಡಿದರೆ ಕೆಂಪುಕಣ ತಳಕ್ಕಿಳಿದು, ನಡುವೆ ಗ್ರ್ಯಾನ್ಯುಲೋಸಾದ ಬೆಳ್ಳನೆಯ ಉಂಗುರ ನಿಲ್ಲುತ್ತದೆ. ಆ ಉಂಗುರ ಕಂಡ ಕೂಡಲೇ ಗೆದ್ದೆವು ಅಂದುಕೊಳ್ಳಬಾರದು. ಬಿಳಿ ರಕ್ತಕಣಗಳೂ ಅಲ್ಲೇ ಕುಳಿತಿರುತ್ತವೆ, ಗ್ರ್ಯಾನ್ಯುಲೋಸಾ ಗುಂಪುಗಳ ಒಳಗೆ ಸಿಕ್ಕಿಕೊಂಡಿರುತ್ತವೆ. ಮೊದಲು ಹೈಯಲುರೊನಿಡೇಸ್ ಎಂಬ ಕಿಣ್ವ ಹಾಕಿ ಗುಂಪು ಸಡಿಲಿಸಿ, ಆಮೇಲೆ ಬಿಳಿಕಣಗಳ ಮೈಮೇಲಿರುವ ಸಿಡಿ45 ಪ್ರೋಟೀನನ್ನು ಹಿಡಿಯುವ ಮ್ಯಾಗ್ನೆಟಿಕ್ ಮಣಿಗಳಿಂದ ಬಿಳಿಕಣ ಎಳೆದು ತೆಗೆಯಬೇಕು. ಈ ಹಂತದಲ್ಲಿ ಜೀವಕೋಶ ಬಹಳ ನಷ್ಟವಾಗುತ್ತದೆ, ಕೈ ಹಿಂಜರಿಯುತ್ತದೆ. ಆದರೂ ಇದನ್ನು ಬಿಡಬೇಡಿ ಎಂದೇ ಹೇಳುತ್ತೇನೆ.

ಆರ್‌ಎನ್‌ಎ ತೆಗೆಯುವಾಗ ಒಂದೇ ಎಚ್ಚರಿಕೆ: ಆರ್‌ಎನ್‌ಎ ಹಿಡಿದಿಡುವ ಮಾಮೂಲಿ ಕಾಲಮ್‌ಗಳಲ್ಲಿ 200 ನ್ಯೂಕ್ಲಿಯೊಟೈಡ್‌ಗಿಂತ (ಆರ್‌ಎನ್‌ಎ ಸರಪಳಿಯ ಕೊಂಡಿ) ಚಿಕ್ಕದ್ದು ತೊಳೆದುಹೋಗುತ್ತದೆ. ಮೈಕ್ರೋ ಆರ್‌ಎನ್‌ಎ ಇರುವುದೇ ಸುಮಾರು 22.

ಈಗ ಪ್ರತಿ ಮಾದರಿಗೂ ಮೊದಲು ಮೂರು ಪಿಸಿಆರ್ (ಯಾವ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡುತ್ತೇನೆ. ಕೆಂಪುಕಣಕ್ಕೆ ಮಿರ್-451, ಬಿಳಿಕಣಕ್ಕೆ ಮಿರ್-223, ಗ್ರ್ಯಾನ್ಯುಲೋಸಾ ಇದೆ ಎಂಬುದಕ್ಕೆ ಎಫ್‌ಎಸ್‌ಎಚ್ ರಿಸೆಪ್ಟರ್ (ಫಾಲಿಕಲ್ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್). ಮೊದಲಿನ ಎರಡು ಹೆಚ್ಚು ಬಂದರೆ ಆ ಟ್ಯೂಬ್ ಮುಂದೆ ಹೋಗುವುದಿಲ್ಲ. ಇಷ್ಟು ಬಿಗಿ ಯಾಕೆಂದರೆ, ನಾನು ಹುಡುಕುತ್ತಿದ್ದುದೇ ಸಣ್ಣ ದನಿಯದನ್ನು. ಎಫ್‌ಎಸ್‌ಎಚ್ ರಿಸೆಪ್ಟರ್ ಜೀನ್‌ನ ಇಂಟ್ರಾನ್ (ಪ್ರೋಟೀನ್ ಮಾಡಲು ಬಳಕೆಯಾಗದ ಭಾಗ) ಒಳಗೇ ಮಿರ್-548ಬಿಎ, ಅರೋಮಟೇಸ್ ಕಿಣ್ವದ ಜೀನ್‌ನ ಇಂಟ್ರಾನ್‌ನಲ್ಲಿ ಮಿರ್-7973 ಇರುವುದನ್ನು 2013ರಲ್ಲಿ ಎಸ್ಟೋನಿಯಾದ ಸಂಶೋಧಕರು ಪ್ರಕಟಿಸಿದ್ದರು. ಅಂಡಾಣು ಬೆಳೆಸುವ, ಈಸ್ಟ್ರೊಜೆನ್ ತಯಾರಿಸುವ ಜೀನ್‌ಗಳ ಹೊಟ್ಟೆಯಲ್ಲೇ ಅವು! ರಕ್ತದ ಗದ್ದಲದಲ್ಲಿ ಅಂಥವು ಕೇಳಿಸುವುದಿಲ್ಲ.

ಶುದ್ಧ ಮಾದರಿಗಳಲ್ಲಿ ಮಿರ್-451ರ ವ್ಯತ್ಯಾಸ ಮಾಯವಾಯಿತು. ಗ್ರ್ಯಾನ್ಯುಲೋಸಾದಲ್ಲಿ ಹೇರಳವಾಗಿರುವ ಮಿರ್-21 ಎಲ್ಲ ಟ್ಯೂಬಿನಲ್ಲೂ ಜೋರಾಗಿ ಬಂತು. ಮಿರ್-548ಬಿಎಯ ಪಿಸಿಆರ್ ಗೆರೆ ತಡವಾಗಿ (ಕಡಿಮೆ ಇದೆ ಎಂದರ್ಥ), ಆದರೆ ಮೂರು ಸಲ ಮಾಡಿದರೂ ಅದೇ ಜಾಗದಲ್ಲಿ ಏರಿತು. ಆ ಮೂರು ಗೆರೆಗಳು ಒಂದರ ಮೇಲೊಂದು ಕೂತದ್ದನ್ನು ನೋಡುತ್ತ ಸುಮಾರು ಹೊತ್ತು ನಿಂತಿದ್ದೆ.

ಮೊದಲ ಎಂಟು ತಿಂಗಳ 19 ಮಾದರಿಗಳನ್ನು ಲೆಕ್ಕದಿಂದ ಕೈಬಿಟ್ಟೆ. ಗೋಕಾಕದ ಅಕ್ಕಾರ ಟ್ಯೂಬೂ ಅದರಲ್ಲಿತ್ತು.