ಕತ್ತಿನ ನರ: ಎಂಆರ್‌ಐಗೆ ಮುಂಚೆಯೇ ಬರೆದಿಟ್ಟ ಚೀಟಿ

ಕಳೆದ ತಿಂಗಳು ಶಿವಮೊಗ್ಗ ಎಪಿಎಂಸಿಯ ಹಮಾಲಿಯೊಬ್ಬರ ಎಂಆರ್‌ಐ ಬಂತು. ಕತ್ತಿನ ಆರನೇ, ಏಳನೇ ಮೂಳೆಗಳ (ಸಿ6-ಸಿ7) ನಡುವಿನ ಡಿಸ್ಕ್ ಎಡಗಡೆ ನರ ಒತ್ತುತ್ತಿತ್ತು. ಹತ್ತು ದಿನ ಮೊದಲೇ ನಾನು ಕೈಯಲ್ಲೇ ಪರೀಕ್ಷೆ ಮಾಡಿ 'ಎಡ ಸಿ7', ಅಂದರೆ ಅಲ್ಲಿಂದ ಹೊರಡುವ ಏಳನೇ ನರ, ಅಂತ ಚೀಟಿ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೆ. "ಬರೀ ಕೈಯಲ್ಲಿ ಮುಟ್ಟಿ ಯಾವ ನರ ಅಂತ ಹೇಗ್ರೀ ಹೇಳ್ತೀರಿ?" ಅನ್ನುತ್ತಿದ್ದ ಮೂಳೆ ಡಾಕ್ಟರಿಗೆ ಅದನ್ನೇ ತೋರಿಸಿದೆ. ಈಗ ಅವರೇ ಪೇಷೆಂಟ್ ಕಳಿಸುತ್ತಾರೆ. ಎರಡು ವರ್ಷದಲ್ಲಿ ಇಂಥ ಮೂವತ್ತರ ಹತ್ತಿರ ಚೀಟಿ ಬರೆದಿದ್ದೇನೆ. ಇಪ್ಪತ್ತೈದರಷ್ಟು ಸರಿ ಬಂದಿರಬೇಕು.

ಪರೀಕ್ಷೆಗಳು ನಾವು ಫಿಸಿಯೋಥೆರಪಿಸ್ಟ್‌ಗಳೆಲ್ಲ ಓದಿದ್ದೇ. 2003ರಲ್ಲಿ ವೇಯ್ನರ್ ಮತ್ತು ಜೊತೆಗಾರರು ಒಟ್ಟು ಮಾಡಿದ ನಾಲ್ಕು: ಯುಎಲ್‌ಟಿಟಿ (ಕೈ ಚಾಚಿಸಿ ನರ ಎಳೆದು ನೋಡುವುದು), ನೋವಿನ ಕಡೆಗೆ 60 ಡಿಗ್ರಿ ತಿರುಗದ ಕತ್ತು, ಡಿಸ್ಟ್ರಾಕ್ಷನ್ (ತಲೆ ಮೆಲ್ಲಗೆ ಎಳೆದರೆ ನೋವು ಇಳಿಯುತ್ತದೆಯೇ ಅಂತ ನೋಡುವುದು), ಸ್ಪರ್ಲಿಂಗ್ (ಕತ್ತು ನೋವಿನ ಕಡೆಗೆ ಬಾಗಿಸಿ ತಲೆ ಮೇಲೆ ಒತ್ತುವುದು). ನಾನು ಎಡವಿದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವಲ್ಲಿ. ಸ್ಪರ್ಲಿಂಗ್‌ನಿಂದಲೇ ಶುರು ಮಾಡುತ್ತಿದ್ದೆ. ನರ ಒಮ್ಮೆ ಕೆರಳಿದರೆ ಆಮೇಲೆ ಏನು ಮಾಡಿದರೂ "ಅಯ್ಯೋ" ಅನ್ನುತ್ತಾರೆ, ಎಲ್ಲವೂ ಪಾಸಿಟಿವ್. ಟೈಲರಿಂಗ್ ಮಾಡುವ ಅಕ್ಕ ಒಬ್ಬರು ಅವತ್ತು ರಾತ್ರಿಯಿಡೀ ನಿದ್ದೆ ಮಾಡಲಿಲ್ಲವಂತೆ. ಮತ್ತೆ ಬರಲೇ ಇಲ್ಲ. ಈಗ ಯುಎಲ್‌ಟಿಟಿ ಮೊದಲು, ಸ್ಪರ್ಲಿಂಗ್ ಕೊನೆಗೆ. ಯುಎಲ್‌ಟಿಟಿ ನೆಗೆಟಿವ್ ಆದರೆ ಕತ್ತು ಬಿಟ್ಟು ಭುಜ, ಮಣಿಕಟ್ಟು ನೋಡುತ್ತೇನೆ.

ಇದಕ್ಕೂ ಮುಂಚೆ ನಡೆಸಿ ನೋಡುತ್ತೇನೆ, ಹಾಫ್‌ಮನ್ ನೋಡುತ್ತೇನೆ: ನಡುಬೆರಳಿನ ತುದಿ ಚಿಮ್ಮಿದಾಗ ಹೆಬ್ಬೆರಳು ಮಡಚಿದರೆ ಬೆನ್ನುಹುರಿ ಒತ್ತಿರಬಹುದು ಅಂತ ಅನುಮಾನ. ಅದನ್ನು ಕಲಿತದ್ದು ನೋವಿನಿಂದ. ಯಜಮಾನರೊಬ್ಬರು "ಅಂಗಿ ಗುಂಡಿ ಹಾಕೋಕೆ ಆಗ್ತಿಲ್ಲ ಡಾಕ್ಟ್ರೇ" ಅಂದಿದ್ದರು. ವಯಸ್ಸು ಅಂದುಕೊಂಡು ನಾಲ್ಕು ದಿನ ಟ್ರಾಕ್ಷನ್ ಕೊಟ್ಟೆ, ಅಂದರೆ ಮೆಷಿನ್‌ನಿಂದ ಕತ್ತು ಎಳೆಸಿದೆ. ಅವರಿಗೆ ಒತ್ತಡ ಬಿದ್ದಿದ್ದು ನರದ ಮೇಲಲ್ಲ, ಬೆನ್ನುಹುರಿಯ ಮೇಲೇ. ಪುಣ್ಯಕ್ಕೆ ಮಗ ಬೇರೆ ಕಡೆ ತೋರಿಸಿದರು, ಆಪರೇಷನ್ ಆಯಿತು, ಈಗ ನಡೆಯುತ್ತಾರೆ. ಎಪ್ಪತ್ತು ಸಾವಿರ ಕೊಟ್ಟು ತಂದ ಆ ಸೆಕೆಂಡ್ ಹ್ಯಾಂಡ್ ಟ್ರಾಕ್ಷನ್ ಮೆಷಿನ್‌ಗೆ ಅವತ್ತಿನಿಂದ ಬಟ್ಟೆ ಹೊದಿಸಿದ್ದೇನೆ. ಕೈಯಿಂದ ಎಳೆದರೆ ಸಾಕು. ಯಾವ ಕೋನದಲ್ಲಿ ಎಳೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುತ್ತೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಸುಲಿಯುವ ಅಕ್ಕನ ಕಥೆ ನೆನೆದರೆ ಈಗಲೂ ಸಂಕಟವಾಗುತ್ತದೆ. ಹೆಬ್ಬೆರಳು, ತೋರುಬೆರಳು ಜೋಮು. ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತುವ ತೊಂದರೆ) ಅಂತ ಎಲ್ಲೋ ಮಣಿಕಟ್ಟು ಕೊಯ್ಸಿಕೊಂಡು ಬಂದಿದ್ದರು. ಇಪ್ಪತ್ತೈದು ಸಾವಿರದಷ್ಟು ಹೋಗಿತ್ತು, ಜೋಮು ಹೋಗಿರಲಿಲ್ಲ. "ಕೈ ತಲೆ ಮೇಲೆ ಇಟ್ಕೊಂಡ್ರೆ ಹಾಯ್ ಅನ್ಸುತ್ತೆ ಸಾರ್" ಅಂದರು. ಹ್ಯಾಮರ್ ತೆಗೆದುಕೊಂಡೆ. ಮೊಣಕೈ ಮಡಿಕೆಯ ಹತ್ತಿರ ತಟ್ಟಿದರೆ ಕೈ ಜಿಗಿಯುವ ಬೈಸೆಪ್ಸ್ ರಿಫ್ಲೆಕ್ಸ್ ಆ ಕಡೆ ಮಂದ. ಮಣಿಕಟ್ಟಿನ ತೊಂದರೆಯಿಂದ ಅದು ಮಂದವಾಗಲು ಸಾಧ್ಯವೇ ಇಲ್ಲ, ಅಲ್ವಾ? ಕತ್ತಿನ ಆರನೇ ನರ, ಸಿ6 ಅಂತ ಬರೆದೆ. ಎಂಆರ್‌ಐನಲ್ಲೂ ಸಿ6 ಆಯಿತು.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಅಂಗಾತ ಮಲಗಿಸಿ ಹಣೆ ಮೇಲೆ ಮೊಬೈಲ್ ಇಟ್ಟು ಕತ್ತು ತಿರುಗಿಸಿದರೆ ಡಿಗ್ರಿ ಚೆನ್ನಾಗಿ ಸಿಗುತ್ತದೆ. ಕೋನ ಅಳೆಯುವ ಗೋನಿಯೋಮೀಟರ್ ಈಗ ಮುಟ್ಟುವುದೇ ಅಪರೂಪ. ಸಿ7 ನರ ನಡೆಸುವ ಟ್ರೈಸೆಪ್ಸ್ (ತೋಳಿನ ಹಿಂದಿನ ಸ್ನಾಯು) ಬಲ ಅಳೆಯಲು ತೂಕದ ಮೆಷಿನ್ ಮೇಲೆ ಒತ್ತಿಸಿದೆ. ನಿಂತು ಒತ್ತಿದರೆ ಮೈಭಾರ ಹಾಕುತ್ತಾರೆ, ಲೆಕ್ಕ ಕೆಡುತ್ತದೆ. ಕುರ್ಚಿಗೆ ಬೆನ್ನು ಒರಗಿಸಿ ಕೂರಿಸಿದ ಮೇಲೆ ಸರಿಹೋಯಿತು. ಹಮಾಲಿಯವರದು ಮೊದಲ ದಿನ ಬಲಗಡೆ ಹದಿನಾಲ್ಕು ಕೆಜಿ, ಎಡಗಡೆ ಆರು.

ಆ ಆರು ನೋಡಿಯೇ ಎಂಆರ್‌ಐಗೆ ಕಳಿಸಿದ್ದು. ಬರೀ ನೋವು, ಜೋಮು ಇದ್ದು ಬಲ ಕುಗ್ಗದಿದ್ದರೆ ಅವಸರ ಮಾಡುವುದಿಲ್ಲ. ಬಹಳಷ್ಟು ಜನಕ್ಕೆ ಆಪರೇಷನ್ ಇಲ್ಲದೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ದಿನಗೂಲಿಯವರಿಗೆ ಎಂಆರ್‌ಐ ಖರ್ಚು ಅಂದರೆ ಹುಡುಗಾಟವಲ್ಲ. ನೋವೇ ಇಲ್ಲದವರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಹಾಗಾಗಿ ಚೀಟಿ ಮೊದಲೇ ಬರೆಯುತ್ತೇನೆ. ಫಿಲ್ಮ್ ನೋಡಿದ ಮೇಲೆ ಕಣ್ಣು ಅದನ್ನೇ ಹುಡುಕುತ್ತದೆ.

ಸರ್ಜನ್ ಕಾಯಬಹುದು ಅಂದರು. ನಿನ್ನೆ ಹಮಾಲಿಯವರ ಎಡಗೈ ಒಂಬತ್ತು ಕೆಜಿ ತೋರಿಸಿತು. ಚೀಲ ಹೊರಲು ಇನ್ನೂ ಬಿಟ್ಟಿಲ್ಲ.